ಲೆಗಸಿ ಜಿಟಿ, ವಿ70 ಆರ್, ಆಕ್ಟೇವಿಯಾ ಆರ್‌ಎಸ್: ಸೆಕೆಂಡ್ ಹ್ಯಾಂಡ್ ವ್ಯಾಗನ್ ತಗೊಳ್ಳೋದಾದ್ರೆ ಯಾವುದು?

ಮನೆಮಂದಿ, ಸಾಮಾನು ಎಲ್ಲ ಹಿಡಿಸಬೇಕು. ಒಬ್ಬನೇ ಇದ್ದಾಗ ಓಡಿಸೋಕೆ ಮಜಾನೂ ಇರಬೇಕು. ಎರಡೂ ಆಸೆ ಇರುವವರು ಕೊನೆಗೆ ಬಂದು ನಿಲ್ಲುವುದು ಹಳೆಯ ಸ್ಪೋರ್ಟಿ ವ್ಯಾಗನ್‌ಗಳ ಹತ್ತಿರವೇ (ವ್ಯಾಗನ್ ಅಂದ್ರೆ ಚಾವಣಿ ಹಿಂದಿನವರೆಗೂ ಚಾಚಿರುವ, ದೊಡ್ಡ ಡಿಕ್ಕಿಯ ಕಾರು). ನಾನು ಮೂರನ್ನು ಓಡಿಸಿ ನೋಡಿದೆ: 2.5 ಲೀಟರ್ ಟರ್ಬೊ ಎಂಜಿನ್ (ಟರ್ಬೊ ಅಂದ್ರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಸುಬಾರು ಲೆಗಸಿ ಜಿಟಿ, ವೋಲ್ವೊ ವಿ70 ಆರ್, ಎರಡನೇ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾಂಬಿ. ಸುಮ್ನೆ ಒಂದು ಸುತ್ತು ಹಾಕಿ ಬಂದಿದ್ದಲ್ಲ. ಹಿಂದೆ ಮಕ್ಕಳನ್ನು ಕೂರಿಸಿ, ಡಿಕ್ಕಿ ತುಂಬಿಸಿ, ಟ್ರಾಫಿಕ್‌ನಲ್ಲಿ ತೆವಳಿಸಿ ನೋಡಿದ್ದು. ವೇಗದಲ್ಲಿ ಯಾವುದಕ್ಕೂ ಹೆಸರಿಡುವ ಹಾಗಿಲ್ಲ. ಫರಕು ಗೊತ್ತಾಗುವುದು ನಿಧಾನವಾಗಿ ಹೋಗುವಾಗ.

ವೋಲ್ವೊದಿಂದ ಶುರು ಮಾಡ್ತೀನಿ, ಯಾಕಂದ್ರೆ ಕೂತ ತಕ್ಷಣ ಮನಸ್ಸು ಕದ್ದಿದ್ದು ಅದೇ. ಅಂಥ ಸೀಟು ಬೇರೆ ಎರಡರಲ್ಲೂ ಇಲ್ಲ. ಐದು ಸಿಲಿಂಡರ್ ಎಂಜಿನ್, 300 ಕುದುರೆ ಶಕ್ತಿ, ನಾಲ್ಕೂ ಚಕ್ರಕ್ಕೆ ಬ್ರೆಂಬೊ ಕಂಪನಿಯ ಬ್ರೇಕು. ಡ್ಯಾಶ್‌ಬೋರ್ಡಿನಲ್ಲಿ ಮೂರು ಬಟನ್: ಕಂಫರ್ಟ್, ಸ್ಪೋರ್ಟ್, ಅಡ್ವಾನ್ಸ್ಡ್. ಸಸ್ಪೆನ್ಷನ್ ಸೆಕೆಂಡಿಗೆ 500 ಸಲ ಲೆಕ್ಕ ಹಾಕಿ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ ಅಂತ ಕಂಪನಿ ಹೇಳಿಕೊಂಡಿತ್ತು. ಮೂರನೇ ಬಟನ್ ಒತ್ತಿದರೆ ಮಾತ್ರ ಸಸ್ಪೆನ್ಷನ್ ಗಟ್ಟಿಯಾಗಿ ಹಿಂದೆ ಕೂತವರ ಬೈಗುಳ ಗ್ಯಾರಂಟಿ. ಇನ್ನು ಗಾಡಿ ತಿರುಗಿಸುವ ಕಷ್ಟ. ಬೇರೆಯವು ಒಂದೇ ಸಲಕ್ಕೆ ತಿರುಗುವ ಜಾಗದಲ್ಲಿ ಇದನ್ನು ಹಿಂದೆ ಮುಂದೆ ಆಡಿಸಬೇಕು. ಪಾರ್ಕಿಂಗ್‌ನಲ್ಲಿ ಬೆವರು ಬರುತ್ತದೆ.

ಆ ಜಾಣ ಶಾಕ್ ಅಬ್ಸಾರ್ಬರ್‌ಗಳೇ ಇದರ ದೊಡ್ಡ ಖರ್ಚು. ಮಾಮೂಲಿ ಶಾಕ್‌ಗಿಂತ ಎಷ್ಟೋ ಪಟ್ಟು ದುಬಾರಿ. ಹಾಗಾಗಿ ಅವನ್ನು ಯಾವಾಗ ಬದಲಾಯಿಸಿದ್ದಾರೆ ಅಂತ ಮೊದಲೇ ಕೇಳಿ. ನೋಡೋಕೆ ಹೋದಾಗ ಇನ್ನೊಂದು ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಾದ ಮೇಲೆ, ಅದು ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಒಂದು ರಬ್ಬರ್ ಗ್ಲೌಸ್ ಸಿಕ್ಕಿಸಿ. ಒಳಕ್ಕೆ ಎಳೆದುಕೊಂಡರೆ ಸರಿ. ಕೈಯಂತೆ ಉಬ್ಬಿ ನಿಂತರೆ ಎಂಜಿನ್ನಿನ ಉಸಿರಿನ ಪೈಪು ಕಟ್ಟಿದೆ, ಸೀಲುಗಳು ಆಯಿಲ್ ಸೋರೋಕೆ ಶುರುಮಾಡುವ ದಿನ ದೂರ ಇಲ್ಲ.

ಲೆಗಸಿ ಬೇರೆಯದೇ ಸ್ವಭಾವ. ಎಂಜಿನ್ ಮಲಗಿಸಿಟ್ಟಿರುವುದರಿಂದ ಭಾರ ಕೆಳಗಿದೆ, ತಿರುವಿನಲ್ಲಿ ವ್ಯಾಗನ್ ಓಡಿಸುತ್ತಿದ್ದೇನೆ ಅನ್ನೋದೇ ಮರೆತುಹೋಗುತ್ತದೆ. ಮೂರರಲ್ಲಿ ಸ್ಟೀರಿಂಗ್ ಕೈಗೆ ಮಾತಾಡಿದ್ದು ಇದರದ್ದು ಮಾತ್ರ. ಬಾಗಿಲಿನ ಗಾಜಿಗೆ ಚೌಕಟ್ಟಿಲ್ಲ, ನೋಡೋಕೆ ಚೆಂದ. ಹಳತಾದ ಮೇಲೆ ಗಾಳಿ ಸದ್ದು ಬರುತ್ತದೆ. ಡಿಕ್ಕಿ ಮೂರರಲ್ಲಿ ಚಿಕ್ಕದು. ಕೆಳಗಿನ ಗಿಯರ್‌ನಲ್ಲಿ ಟರ್ಬೊ ಎದ್ದೇಳೋಕೆ ಸ್ವಲ್ಪ ಹೊತ್ತು ಬೇಕು, ಟ್ರಾಫಿಕ್‌ನಲ್ಲಿ ಅದು ಕಿರಿಕಿರಿ.

ಇದರಲ್ಲಿ ಭಯ ಇರುವುದು ಟರ್ಬೊದ್ದೇ. ಅದಕ್ಕೆ ಆಯಿಲ್ ಹೋಗುವ ದಾರಿಯಲ್ಲಿ, ಒಂದು ಬೋಲ್ಟಿನ ಒಳಗೆ ಪುಟ್ಟ ಜಾಲರಿ ಇದೆ. ಆಯಿಲ್ ಬದಲಾಯಿಸೋಕೆ ಸೋಮಾರಿತನ ಮಾಡಿದವರ ಗಾಡಿಯಲ್ಲಿ ಅದು ಕಟ್ಟಿ, ಟರ್ಬೊ ಒಣಗಿ ಸಾಯುತ್ತದೆ. ಟೈರುಗಳನ್ನೂ ನೋಡಿ. ಎಂಜಿನ್ ನಾಲ್ಕೂ ಚಕ್ರವನ್ನು ತಿರುಗಿಸುವ ಗಾಡಿ ಇದು, ಟೈರ್ ಸವೆತ ನಾಲ್ಕಕ್ಕೂ ಸರಿಸಮ ಇರಬೇಕು. ಒಂದು ಪಂಕ್ಚರ್ ಆಗಿ ಹಾಳಾದರೆ ನಾಲ್ಕನ್ನೂ ಬದಲಾಯಿಸಬೇಕಾದೀತು. ಮೂರು ಬ್ರ್ಯಾಂಡಿನ ಟೈರು ಕಂಡರೆ ಹಿಂದಿನ ಓನರ್ ಎಂಥವರು ಅಂತ ಅಲ್ಲೇ ಗೊತ್ತಾಯಿತಲ್ವಾ. ಬಾನೆಟ್ ಎತ್ತಿದಾಗ ಬಣ್ಣಬಣ್ಣದ, ಕಂಪನಿಯದಲ್ಲದ ಪಾರ್ಟು ಕಂಡರೂ ನಾನು ಅಲ್ಲಿಂದಲೇ ವಾಪಸ್.

ಆಕ್ಟೇವಿಯಾ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ, ಅದೇ ಅದರ ದೊಡ್ಡ ಗುಣ. 200 ಕುದುರೆ ಶಕ್ತಿಯ ಪೆಟ್ರೋಲ್ ಎಂಜಿನ್, 580 ಲೀಟರ್ ಡಿಕ್ಕಿ, ಮುಂದಿನ ಚಕ್ರ ಮಾತ್ರ ಎಳೆಯುತ್ತದೆ. ಮಳೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಜಾರುತ್ತದೆ, ನಿಜ. ಆದರೆ ಪಿಕಪ್ ಕೆಳಗಿನಿಂದಲೇ ಸಿಗುತ್ತದೆ, ಪೆಟ್ರೋಲು ಮೂರರಲ್ಲಿ ಕಡಿಮೆ ಕುಡಿಯುತ್ತದೆ. ಹಳೆಯ, ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದರ ಪೆಟ್ರೋಲ್ ಪಂಪಿನ ಕೆಳಗೆ ಒಂದು ಸಣ್ಣ ಲೋಹದ ಬಟ್ಟಲು ಇರುತ್ತದೆ. ಬಿಚ್ಚಿಸಿ ನೋಡಿ: ತಲೆಯ ಮೇಲಿನ ಕಪ್ಪು ಲೇಪ ಪೂರ್ತಿ ಹೋಗಿ ಬೆಳ್ಳಗೆ ಹೊಳೆಯುತ್ತಿದ್ದರೆ ಹೊಸದು ಹಾಕಿಸಬೇಕು. ತೂತು ಬಿದ್ದಿದ್ದರೆ ಆ ಗಾಡಿ ಬೇಡ, ವಾಲ್ವ್ ತೆರೆಯುವ ದಂಡವಾದ ಕ್ಯಾಮ್‌ಶಾಫ್ಟೂ ಹೋಗಿರುತ್ತದೆ. ಡಿಎಸ್‌ಜಿ ಗಿಯರ್‌ಬಾಕ್ಸ್ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಇದ್ದರೆ 60,000 ಕಿ.ಮೀ.ಗೊಮ್ಮೆ ಅದರ ಆಯಿಲ್ ಬದಲಾಯಿಸಿದ ಬಿಲ್ ಕೇಳಿ.

ನಾನು ಆರಿಸಿದ್ದು ಆಕ್ಟೇವಿಯಾ. ಮನೆಯಲ್ಲಿ ಇಬ್ಬರೂ ಓಡಿಸುವ ಒಂದೇ ಗಾಡಿ ಅದು, ಯಾವಾಗ ಬೇಕಾದರೂ ಸ್ಟಾರ್ಟ್ ಆಗಿ ಹೊರಡಬೇಕು. ಓಡಾಟಕ್ಕೆ ಬೇರೆ ಗಾಡಿ ಇದ್ದಿದ್ದರೆ ಕಣ್ಣು ಮುಚ್ಚಿ ಲೆಗಸಿ ಅನ್ನುತ್ತಿದ್ದೆ, ಅದೂ ಮ್ಯಾನುವಲ್. ಹೆಂಡತಿಯ ವೋಟು ಈಗಲೂ ವೋಲ್ವೊಗೆ, ಆ ಸೀಟಿನ ಕಾರಣಕ್ಕೆ. ಪಾರ್ಕ್ ಮಾಡುವ ಕೆಲಸ ನನ್ನದಂತೆ.