ಸ್ತನದ ಇಂಪ್ಲಾಂಟ್ ತೆಗೆಸಲು ಕಂಡ ಮೂವರು ಸರ್ಜನ್‌ಗಳು, ಮತ್ತು ನನ್ನ ಮತ ಮೈಸೂರಿಗೆ ಬಿದ್ದ ಕಾರಣ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮೈಸೂರಿನ ಡಾಕ್ಟರಿಗೆ. ಬೆಂಗಳೂರಿನ ಇಬ್ಬರನ್ನು ಕಂಡು, ಅವರ ಅಂದಾಜು ಪಟ್ಟಿಗಳನ್ನು ಮುಂದಿಟ್ಟುಕೊಂಡು ಕೂತು, ಕೊನೆಗೆ ಮೈಸೂರಿನಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆದ್ದರಿಂದ ಇದನ್ನು ಪಕ್ಷಪಾತವಿಲ್ಲದ ಹೋಲಿಕೆ ಎಂದು ಯಾರೂ ಓದಬೇಕಾಗಿಲ್ಲ. ಇಂಪ್ಲಾಂಟ್ ಹಾಕಿಸಿಕೊಂಡದ್ದೇಕೆ ಎಂಬ ಪ್ರಶ್ನೆಗೂ ಇಲ್ಲಿ ಉತ್ತರ ಸಿಗುವುದಿಲ್ಲ. ಮುಖಕ್ಕೆ ಮುಖ ಕೊಟ್ಟು ಕೇಳಿದ ನೆಂಟರಿಗೇ ನಾನು ಉತ್ತರ ಕೊಟ್ಟಿಲ್ಲ.

ಹಾಕಿಸಿದ್ದು 2013ರಲ್ಲಿ, ಬೆಂಗಳೂರಿನಲ್ಲಿ. ಸಿಲಿಕೋನ್ ಜೆಲ್‌ನದು, ಎದೆಯ ಸ್ನಾಯುವಿನ ಹಿಂದೆ ಕೂರಿಸಿದ್ದರು. ಬಲಗಡೆಯದು ಬರಬರುತ್ತಾ ಬಿಗಿದುಕೊಂಡು ಮೇಲಕ್ಕೆ ಸರಿದಿತ್ತು, ಆ ಮಗ್ಗುಲಿಗೆ ಮಲಗಿದರೆ ನೋವು. ಹೊರಗಿನ ವಸ್ತು ಒಳಗೆ ಕೂತರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಇದು ಎಲ್ಲರಲ್ಲೂ ಆಗುವುದೇ. ಕೆಲವರಲ್ಲಿ ಮಾತ್ರ ಆ ಪೊರೆ ಕುಗ್ಗಿ, ದಪ್ಪವಾಗಿ, ಇಂಪ್ಲಾಂಟನ್ನು ಹಿಂಡತೊಡಗುತ್ತದೆ. ಇದನ್ನು ಅಳೆಯುವ ಬೇಕರ್ ಮಾಪನದಲ್ಲಿ ನಾಲ್ಕು ಹಂತಗಳಿವೆ. ನೋವು ಶುರುವಾಯಿತೆಂದರೆ ನಾಲ್ಕನೆಯದು. ನನ್ನದು ನಾಲ್ಕು. ಮೂವರು ಡಾಕ್ಟರೂ ಒಮ್ಮತಕ್ಕೆ ಬಂದ ಸಂಗತಿ ಇದೊಂದೇ.

ಮೊದಲನೆಯದು ಬೆಂಗಳೂರಿನ ಒಂದು ಕಾಸ್ಮೆಟಿಕ್ ಕ್ಲಿನಿಕ್. ಅಲ್ಲಿನ ಸರ್ಜನ್ ಎಂ.ಸಿಎಚ್. ಮಾಡಿದವರೇ. ಜನರಲ್ ಸರ್ಜರಿಯಲ್ಲಿ ಎಂ.ಎಸ್. ಮುಗಿಸಿ, ಮೇಲೆ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯನ್ನೇ ಓದಿದವರು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನೂ ಹುಡುಕಿ ನೋಡಿದೆ, ಸರಿಯಾಗಿತ್ತು. ಬೋರ್ಡಿನಲ್ಲಿ ‘ಕಾಸ್ಮೆಟಿಕ್ ಸರ್ಜನ್’ ಎಂದು ಬರೆಸಿಕೊಂಡವರೆಲ್ಲ ಈ ಓದು ಮುಗಿಸಿರುವುದಿಲ್ಲ. ಆದ್ದರಿಂದ ಈ ಹುಡುಕಾಟವನ್ನು ಯಾರೂ ಬಿಡಬಾರದು. ಇಲ್ಲಿ ನನ್ನ ತಕರಾರು ಓದಿನ ಬಗ್ಗೆ ಅಲ್ಲ. ಆ ಡಾಕ್ಟರನ್ನು ಕಾಣುವ ಮುಂಚೆ ಒಬ್ಬ ಸಂಯೋಜಕಿಯನ್ನು ಕಾಣಬೇಕಿತ್ತು. ನನ್ನ ಮೈಯನ್ನು ಯಾರೂ ಮುಟ್ಟಿ ನೋಡುವ ಮೊದಲೇ ಆಕೆ ಪ್ಯಾಕೇಜ್ ಹೇಳಿ ಮುಗಿಸಿದ್ದರು: ಎರಡೂ ಇಂಪ್ಲಾಂಟ್ ತೆಗೆಯುವುದು, ಪೊರೆಯನ್ನು ಬಿಚ್ಚದೆ ಇಂಪ್ಲಾಂಟಿನ ಸಮೇತ ಇಡಿಯಾಗಿ ತೆಗೆಯುವುದು, ಜೋತ ಸ್ತನವನ್ನು ಎತ್ತಿ ಕಟ್ಟುವುದು, ತೊಡೆಯಿಂದ ಕೊಬ್ಬು ತೆಗೆದು ತುಂಬುವುದು, ಎಲ್ಲವೂ ಒಂದೇ ದಿನ. ತಿಂಗಳ ಕೊನೆಯೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ. ಸೀರೆ ಅಂಗಡಿಯ ಆಷಾಢದ ಮಾರಾಟದಂತೆ ಎದೆಯ ಶಸ್ತ್ರಚಿಕಿತ್ಸೆಗೂ ಕೊನೆಯ ದಿನಾಂಕ ಇರುತ್ತದೆಂದು ನನಗೆ ತಿಳಿದದ್ದು ಆವತ್ತೇ.

ಡಾಕ್ಟರು ಬಂದಮೇಲೆ ಚೆನ್ನಾಗಿಯೇ ಮಾತನಾಡಿದರು. ಆದರೆ ಪೊರೆಯನ್ನು ಇಡಿಯಾಗಿ ತೆಗೆದರೆ ಸುಸ್ತು, ಕೀಲುನೋವು, ಮರೆವು ಎಲ್ಲ ಹೋಗುತ್ತದೆ ಎಂದು ಭರವಸೆ ಕೊಟ್ಟರು. ಸುಸ್ತಿನ ಮಾತನ್ನು ನಾನು ಎತ್ತಿರಲೇ ಇಲ್ಲ.

ಎರಡನೆಯದು ಅದೇ ಊರಿನ ದೊಡ್ಡ ಆಸ್ಪತ್ರೆ. ಹಿರಿಯ ಡಾಕ್ಟರು, ಮಿತಭಾಷಿ. ಮುಟ್ಟಿ ನೋಡಿದ ಕೂಡಲೇ ಎಂ.ಆರ್.ಐ. ಬರೆದುಕೊಟ್ಟರು. ಅದು ಸರಿಯಾದ ನಡೆ: ಸಿಲಿಕೋನ್ ಇಂಪ್ಲಾಂಟ್ ಒಳಗೊಳಗೇ ಒಡೆದರೆ ಹೊರಗೆ ಏನೂ ಗೊತ್ತಾಗದೇ ಇರಬಹುದು. ಲಕ್ಷಣಗಳಿಲ್ಲದಿದ್ದರೂ ಹಾಕಿಸಿ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಿ ಎಂಬುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹೆ. 2013ರಲ್ಲಿ ಇಂಥ ತಪಾಸಣೆ ಬೇಕೆಂದೇ ನನಗೆ ಯಾರೂ ಹೇಳಿರಲಿಲ್ಲ. ಈ ಡಾಕ್ಟರ ಬಳಿ ಎರಡು ವಿಷಯ ನನಗೆ ಹಿಡಿಸಲಿಲ್ಲ. ಹಳೆಯದನ್ನು ತೆಗೆದು ಹೊಸದು ಹಾಕಿಸಿಕೊಳ್ಳಿ ಎಂದು ಮತ್ತೆ ಮತ್ತೆ ಅಲ್ಲಿಗೇ ಬರುತ್ತಿದ್ದರು. ಬರಿದೆ ತೆಗೆಸಿದರೆ ನಿಮಗೆ ಬೇಸರವಾಗುತ್ತದೆ ಎಂದರು. ಕತ್ತಿ ಹಿಡಿಯುವವರು ಯಾರು ಎಂದು ಕೇಳಿದರೆ ‘ನಮ್ಮ ತಂಡ’ ಎಂಬ ಉತ್ತರ ಬಂತು. ತಂಡ ಇರಲಿ, ಇರಲೇಬೇಕು. ಆದರೆ ತಂಡದಲ್ಲಿ ಯಾರು?

ಮೂರನೆಯವರು ಮೈಸೂರಿನ ಮಧ್ಯಮ ಗಾತ್ರದ ಆಸ್ಪತ್ರೆಯೊಂದರಲ್ಲಿ ಸುಟ್ಟಗಾಯ, ಕೈ ಮುರಿತ, ಕ್ಯಾನ್ಸರ್ ನಂತರದ ಸ್ತನ ಪುನರ್ರಚನೆ ಮಾಡುವ ಪ್ಲಾಸ್ಟಿಕ್ ಸರ್ಜನ್. ಹೊರರೋಗಿ ವಿಭಾಗದ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರು ಕಬ್ಬಿನ ಗಾಣಕ್ಕೆ ಬೆರಳು ಕೊಟ್ಟವರು. ಅವರ ಮುಂದೆ ನನ್ನದನ್ನು ಹೇಗೆ ಹೇಳುವುದೆಂದು ಮುಜುಗರವಾಯಿತು. ಡಾಕ್ಟರಿಗೆ ಯಾವ ಮುಜುಗರವೂ ಇರಲಿಲ್ಲ. ಪರೀಕ್ಷೆ ಮಾಡುವಾಗ ನರ್ಸ್ ಒಬ್ಬರನ್ನು ಒಳಗೆ ಕರೆದು ನಿಲ್ಲಿಸಿಕೊಂಡರು. ಮುಗಿದಮೇಲೆ ಕುರ್ಚಿಯಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆ: “ಇಂಪ್ಲಾಂಟಿನ ಸ್ಟಿಕ್ಕರ್ ಎಲ್ಲಿ?”

ಈ ಸ್ಟಿಕ್ಕರಿನ ಕಥೆಯನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಇಡೀ ವ್ಯವಹಾರದಲ್ಲಿ ನನ್ನ ತಲೆ ತಿಂದದ್ದು ಇದೇ. ಪ್ರತಿ ಇಂಪ್ಲಾಂಟಿನ ಪೆಟ್ಟಿಗೆಯಲ್ಲೂ ಅಂಟಿಸುವ ಚೀಟಿಗಳು ಬರುತ್ತವೆ. ತಯಾರಕರ ಹೆಸರು, ಮಾದರಿ ಸಂಖ್ಯೆ, ಗಾತ್ರ, ಬ್ಯಾಚ್ ಸಂಖ್ಯೆ ಅದರ ಮೇಲೆ ಅಚ್ಚಾಗಿರುತ್ತವೆ. ಒಂದನ್ನು ಶಸ್ತ್ರಚಿಕಿತ್ಸೆಯ ಟಿಪ್ಪಣಿಗೆ ಅಂಟಿಸಬೇಕು, ಇನ್ನೊಂದನ್ನು ಕಾರ್ಡಿನ ಮೇಲೆ ಅಂಟಿಸಿ ರೋಗಿಗೆ ಕೊಡಬೇಕು. ನನಗೆ ಕೊಟ್ಟದ್ದು ಎರಡು ಸಾಲಿನ ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ ‘ಸಿಲಿಕೋನ್ ಇಂಪ್ಲಾಂಟ್, ಎರಡೂ ಬದಿ’ ಎಂದಿತ್ತು, ಅಷ್ಟೆ. ಬೆಂಗಳೂರಿನ ಇಬ್ಬರೂ ಅದನ್ನು ನೋಡಿ ತಲೆಯಾಡಿಸಿ ವಾಪಸು ಕೊಟ್ಟಿದ್ದರು.

ಸ್ಟಿಕ್ಕರ್ ಯಾಕೆ ಬೇಕೆಂದು ಮೈಸೂರಿನವರು ಬಿಡಿಸಿ ಹೇಳಿದರು. ಫ್ರಾನ್ಸಿನ ಪಿಐಪಿ ಎಂಬ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಕೈಗಾರಿಕಾ ಬಳಕೆಯ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾಯಿತು. ಅದರ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷ ಶಿಕ್ಷೆಯಾಯಿತು. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ಬಯೋಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿಕೊಂಡಿತು. ಇಂಪ್ಲಾಂಟಿನ ಸುತ್ತಲ ಪೊರೆಯಲ್ಲಿ ಹುಟ್ಟುವ ಒಂದು ಅಪರೂಪದ ಲಿಂಫೋಮಾಕ್ಕೂ ಆ ಮೇಲ್ಮೈಗೂ ನಂಟು ಕಂಡುಬಂದಿತ್ತು. ಅದು ಸ್ತನದ ಅಂಗಾಂಶದ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಜೀವಕೋಶಗಳದ್ದು; ಹಾಕಿಸಿ ವರ್ಷಗಳಾದಮೇಲೆ ಒಂದು ಬದಿ ದಿಢೀರನೆ ನೀರು ತುಂಬಿ ಊದಿಕೊಳ್ಳುವುದು ಅದರ ಸಾಮಾನ್ಯ ಲಕ್ಷಣ. ತೊಂದರೆ ಇಲ್ಲದಿದ್ದರೆ ಆ ಬಗೆಯ ಇಂಪ್ಲಾಂಟ್ ಇರುವವರೂ ಸುಮ್ಮನೆ ತೆಗೆಸಿಕೊಳ್ಳಬೇಕಾಗಿಲ್ಲವೆಂದೇ ಎಫ್‌ಡಿಎ ಹೇಳಿತ್ತು. ಆದರೆ ಹೇಗೂ ತೆಗೆಯುವುದೆಂದಾದರೆ ಪೊರೆಯನ್ನು ಎಷ್ಟು ತೆಗೆಯಬೇಕು, ಯಾವ ಪರೀಕ್ಷೆಗೆ ಕಳಿಸಬೇಕು ಎಂಬುದು ಒಳಗಿರುವುದು ನುಣುಪಿನದೋ ಒರಟಿನದೋ ಎಂಬುದರ ಮೇಲೆ ನಿಂತಿದೆ. “ಒಳಗೆ ಏನಿದೆಯೆಂದು ಗೊತ್ತಿಲ್ಲದೆ ಎಷ್ಟು ಕೊಯ್ಯಬೇಕೆಂದು ಹೇಗಮ್ಮಾ ಹೇಳಲಿ?” ಎಂದರು.

ಸರಿ, ಹಳೆಯ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋದೆ. ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ಅದೇ ನಿಯಮಗಳ ಪ್ರಕಾರ ದಾಖಲೆಯನ್ನು ಕಾಪಾಡಬೇಕಾದದ್ದು ಮೂರು ವರ್ಷ. ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ಎದೆಯೊಳಗೆ ಇರುವ ವಸ್ತುವಿನ ಕಾಗದಕ್ಕೆ ಮೂರೇ ವರ್ಷದ ಆಯುಷ್ಯ! ಕಿಟಕಿಯ ಹಿಂದಿದ್ದವರು ಮೊದಲು ‘ಸರ್ವರ್ ಬದಲಾಗಿದೆ’ ಎಂದರು, ಆಮೇಲೆ ‘ಆಡಳಿತ ಬದಲಾಗಿದೆ’ ಎಂದರು, ಕೊನೆಗೆ ಫೈಲನ್ನು ನಾಶ ಮಾಡಲಾಗಿದೆ ಎಂದಾದರೂ ಬರೆದುಕೊಡಿ ಎಂದು ನಾನು ಕೇಳಿದಾಗ ಅದನ್ನೂ ಕೊಡಲಿಲ್ಲ. ಹಾಕಿದ ಸರ್ಜನ್ ಊರು ಬಿಟ್ಟಿದ್ದರು.

ದಾರಿ ತೋರಿಸಿದ್ದು ನನ್ನ ಅಕ್ಕ. ಔಷಧಿ ಅಂಗಡಿಯ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇರಲೇಬೇಕಲ್ಲ, ಇಂಪ್ಲಾಂಟನ್ನೂ ಆಸ್ಪತ್ರೆಯ ಫಾರ್ಮಸಿಯಿಂದಲೇ ತಾನೇ ಕೊಟ್ಟಿರುವುದು ಎಂದಳು. ಬಿಲ್ ಮನೆಯಲ್ಲಿತ್ತು, ವಿಮೆ ಕಾಗದಗಳ ಜೊತೆ. ಆದರೆ ಅದು ಶಾಖದಲ್ಲಿ ಅಚ್ಚಾಗುವ ನುಣ್ಣನೆಯ ಕಾಗದ. ಅಕ್ಷರ ಮಾಸಿ ಬೆಳ್ಳಗಾಗಿತ್ತು. ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದು ಫೋಟೋ ತೆಗೆದು, ಮೊಬೈಲಿನಲ್ಲಿ ಕಪ್ಪುಬಿಳುಪು ಮಾಡಿ ಗಾಢಗೊಳಿಸಿದಾಗ ಮಾದರಿ ಸಂಖ್ಯೆ ಮಸುಕಾಗಿ ಮೂಡಿತು. ಒಂದು ಅಂಕಿ ಮೂರೋ ಎಂಟೋ ತಿಳಿಯಲಿಲ್ಲ. ಎರಡನ್ನೂ ಬರೆದು ವಿತರಕರಿಗೆ ಕಳಿಸಿದೆ. ಎಂಟರದು ಅಂಥ ಮಾದರಿಯೇ ಇಲ್ಲ ಎಂದು ಉತ್ತರ ಬಂತು. ಮೂರರದು ನುಣುಪು ಮೇಲ್ಮೈಯದು, ಹಿಂದಕ್ಕೆ ಕರೆಸಿಕೊಂಡ ಪಟ್ಟಿಯಲ್ಲಿ ಇರುವಂಥದ್ದಲ್ಲ.

ಈ ಒಂದು ಅಂಕಿಯಿಂದ ಮೊದಲ ಕ್ಲಿನಿಕ್ಕಿನ ಪ್ಯಾಕೇಜಿನ ಬೆನ್ನೆಲುಬೇ ಮುರಿಯಿತು. ಇಂಪ್ಲಾಂಟು, ಪೊರೆ ಎರಡನ್ನೂ ಬಿಡಿಸದೆ ಇಡಿಯಾಗಿ ತೆಗೆಯುವುದು ಮೂಲತಃ ಗಡ್ಡೆಯ ಶಸ್ತ್ರಚಿಕಿತ್ಸೆಯ ಕ್ರಮ. ಲಿಂಫೋಮಾ ಇದ್ದರೆ ಅಥವಾ ಅದರ ಅನುಮಾನವಿದ್ದರೆ ಅದಕ್ಕೆ ಅರ್ಥವಿದೆ. ನನ್ನಂಥವರಲ್ಲಿ ಅದಕ್ಕಾಗಿ ಕೊಯ್ತ ಉದ್ದವಾಗುತ್ತದೆ. ಸ್ನಾಯುವಿನ ಹಿಂದಿನ ಪೊರೆ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ. ಅದನ್ನು ಕೆರೆದು ತೆಗೆಯುವಾಗ ಕೈ ತಪ್ಪಿದರೆ ಶ್ವಾಸಕೋಶದ ಸುತ್ತ ಗಾಳಿ ಸೇರುವ ಅಪಾಯವಿದೆ. ಸುಸ್ತು, ಕೀಲುನೋವು ಇತ್ಯಾದಿಗಳ ಮಾತಿಗೆ ಬಂದರೆ, 2022ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳು ಪ್ರಕಟಿಸಿದ ಅಧ್ಯಯನದಲ್ಲಿ ಪೊರೆಯನ್ನು ಪೂರ್ತಿ ತೆಗೆಸಿಕೊಂಡವರಿಗೂ ಸ್ವಲ್ಪ ಬಿಟ್ಟವರಿಗೂ ಒಂದೇ ರೀತಿ ಗುಣ ಕಂಡಿತ್ತು. ಇಂಪ್ಲಾಂಟ್ ತೆಗೆದಮೇಲೆ ಹಗುರವಾಯಿತು ಎನ್ನುವ ಹೆಂಗಸರು ಬಹಳ ಮಂದಿ ಇದ್ದಾರೆ, ಅವರ ಮಾತು ಸುಳ್ಳೆಂದು ಮೈಸೂರಿನ ಡಾಕ್ಟರೂ ಹೇಳಲಿಲ್ಲ. ನನಗೂ ಸುಸ್ತಿದೆ ಎಂದಾಗ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ನುಂಗಿಸಿ, ಅದು ಏರಿದಮೇಲೆ ದಿನ ಕೊಟ್ಟರು.

ಅವರು ಮಾಡುತ್ತೇನೆ ಎಂದದ್ದು ಇಷ್ಟು: ಎರಡೂ ಕಡೆಯ ಇಂಪ್ಲಾಂಟ್ ತೆಗೆಯುವುದು, ಬಲಗಡೆಯ ಗಟ್ಟಿ ಪೊರೆಯನ್ನು ಸುರಕ್ಷಿತವಾಗಿ ಬರುವಷ್ಟು ತೆಗೆಯುವುದು, ಪಕ್ಕೆಲುಬಿಗೆ ಅಂಟಿದ ಭಾಗವನ್ನು ಹಾಗೆಯೇ ಬಿಡುವುದು, ತೆಗೆದದ್ದನ್ನು ಬಯಾಪ್ಸಿಗೆ ಕಳಿಸುವುದು. 2022ರಲ್ಲಿ ಎಫ್‌ಡಿಎ ಪೊರೆಯಲ್ಲಿ ಬೇರೆ ಬಗೆಯ ಅಪರೂಪದ ಕ್ಯಾನ್ಸರುಗಳೂ ವರದಿಯಾಗಿವೆ ಎಂದು ಎಚ್ಚರಿಸಿದ್ದರಿಂದ ಬಯಾಪ್ಸಿಯನ್ನು ಬಿಡುವುದಿಲ್ಲ ಎಂದರು. ಮೊದಲ ಕ್ಲಿನಿಕ್ಕಿನ ದುಬಾರಿ ಪ್ಯಾಕೇಜಿನಲ್ಲಿ ಬಯಾಪ್ಸಿಯೇ ಇರಲಿಲ್ಲ ಎಂಬುದನ್ನು ಪಟ್ಟಿಗಳನ್ನು ಒಟ್ಟಿಗೆ ಹರಡಿದಾಗ ಗಮನಿಸಿದೆ. ಎತ್ತಿ ಕಟ್ಟುವ ಕೆಲಸವನ್ನು ಅದೇ ದಿನ ಮಾಡಲು ಒಪ್ಪಲಿಲ್ಲ. ಪೊರೆ ತೆಗೆದು ತೆಳುವಾದ ಅಂಗಾಂಶವನ್ನೇ ಮತ್ತೆ ಕತ್ತರಿಸಿ ಮೇಲೆತ್ತಿದರೆ ಮೊಲೆತೊಟ್ಟಿಗೆ ರಕ್ತ ಸಾಲದೇ ಹೋಗಬಹುದು; ಕೆಲವು ತಿಂಗಳು ಕಾದರೆ ಚರ್ಮ ತಾನೇ ಒಂದಿಷ್ಟು ಕುಗ್ಗುತ್ತದೆ, ಆಗ ಬೇಕೆನಿಸಿದರೆ ನೋಡೋಣ ಎಂಬ ವಾದ. ನನಗೆ ಈವರೆಗೆ ಬೇಕೆನಿಸಿಲ್ಲ. ಕನ್ನಡಿಯಲ್ಲಿ ಮೊದಲಿನಂತಿಲ್ಲ, ಬಲಗಡೆ ಕೆಳಗೆ ಸ್ವಲ್ಪ ಕುಳಿ ಬಿದ್ದಿದೆ. ಮಗ್ಗುಲಾಗಿ ಮಲಗುತ್ತೇನೆ.

ಖರ್ಚು: ಮೈಸೂರಿನದು ಮೊದಲ ಕ್ಲಿನಿಕ್ಕಿನ ಅರ್ಧಕ್ಕಿಂತ ಕಡಿಮೆ, ದೊಡ್ಡ ಆಸ್ಪತ್ರೆಯದು ನಡುವೆ.

ಗಾಯದ ಗುರುತು: ಹಳೆಯ ಕೊಯ್ತದಲ್ಲೇ ಕೆಲಸ ಮುಗಿಯಿತು.

ವಿಮೆಯ ಬಗ್ಗೆ ಒಂದು ಮಾತು. ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ಷರತ್ತಿನಲ್ಲಿ ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆಗೆ ಉಂಟು, ಆರೋಗ್ಯಕ್ಕೆ ನೇರವಾದ ತಕ್ಷಣದ ಅಪಾಯವನ್ನು ನೀಗಿಸಲು ಅಗತ್ಯವೆಂದು ವೈದ್ಯರು ದೃಢೀಕರಿಸಿದರೆ ಉಂಟು. ‘ನಾವು ಹೇಗಾದರೂ ಮಾಡಿಸಿಕೊಡುತ್ತೇವೆ’ ಎಂದು ಸಂಯೋಜಕಿ ಹೇಳಿದ್ದರು. ಮೈಸೂರಿನವರು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟರು, ಅರ್ಜಿ ತಿರಸ್ಕಾರವಾಯಿತು. ಹಣ ನನ್ನದೇ ಹೋಯಿತು. ಆದರೂ ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಸುಳ್ಳು ಕಾಗದಕ್ಕೆ ಸಹಿ ಹಾಕಿ ನಿದ್ದೆಗೆಡುವುದಕ್ಕಿಂತ ಠೇವಣಿ ಮುರಿಯುವುದೇ ಹಗುರ.

ನನ್ನ ಆಯ್ಕೆಯಲ್ಲಿ ಡಾಕ್ಟರಿಗೆ ಸಂಬಂಧವೇ ಇಲ್ಲದ ಕಾರಣವೂ ಒಂದಿದೆ. ನಾನಿರುವುದು ಹಾಸನದಲ್ಲಿ. ಅಕ್ಕನ ಮನೆ ಮೈಸೂರಿನ ಕುವೆಂಪುನಗರದಲ್ಲಿ. ರಕ್ತ ಬಸಿಯುವ ಕೊಳವೆಯನ್ನು ಎರಡೂ ಪಕ್ಕೆಗೆ ಸಿಕ್ಕಿಸಿಕೊಂಡು ಬೆಂಗಳೂರಿನಿಂದ ಊರಿಗೆ ಕಾರಿನಲ್ಲಿ ಕೂತು ಬರುವುದನ್ನು ನೆನೆದರೇ ಬೆವರುತ್ತಿತ್ತು. ಸೀಟ್ ಬೆಲ್ಟ್ ಹಾದುಹೋಗುವುದೇ ಆ ಜಾಗದ ಮೇಲೆ. ಅಕ್ಕನ ಮನೆಯಲ್ಲಿ ಕೊಳವೆಯ ಡಬ್ಬಿಯಲ್ಲಿ ತುಂಬಿದ ನೀರನ್ನು ದಿನವೂ ಅಳೆದು ಬರೆಯುವ ಕೆಲಸವನ್ನು ಭಾವ ತಾವಾಗಿಯೇ ವಹಿಸಿಕೊಂಡು, ಕ್ಯಾಲೆಂಡರಿನ ಮೇಲೆ ರಾಹುಕಾಲದ ಪಕ್ಕದಲ್ಲಿ ಮಿಲಿಲೀಟರ್ ಲೆಕ್ಕ ಬರೆದಿಟ್ಟರು. ಡ್ರೆಸ್ಸಿಂಗಿಗೆ ಆಟೋದಲ್ಲಿ ಹೋಗಿಬರುವಷ್ಟೇ ದೂರ. ಬೆಂಗಳೂರಿನಲ್ಲಿ ತವರು ಇರುವವರಿಗೆ ಈ ಅಂಕ ಬೇರೆ ಕಡೆ ಬೀಳಬಹುದು.

ಮೈಸೂರಿನ ಕೊರತೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಹನ್ನೊಂದಕ್ಕೆ ಎಂದರೆ ಎರಡು ಗಂಟೆಗೆ ಒಳಗೆ ಕರೆಯುತ್ತಾರೆ. ವಾರ್ಡಿನ ಹಾಸಿಗೆಯ ಮೇಲೆ ಹಾಸಿದ ರಬ್ಬರ್ ಶೀಟ್ ಬೆನ್ನಿಗೆ ಅಂಟುತ್ತಿತ್ತು. ಊಟ ಬೇಡವೆಂದರೂ ಬಿಲ್ಲಿನಲ್ಲಿ ಊಟವಿತ್ತು, ಜಗಳವಾಡಿ ತೆಗೆಸಿದೆ.

ಒಂದು ಸಂದರ್ಭದಲ್ಲಿ ಮಾತ್ರ ನಾನೇ ಬೆಂಗಳೂರಿನ ಎರಡನೆಯ ಡಾಕ್ಟರ ಬಳಿ ಕಳಿಸುತ್ತೇನೆ. ನಿಮ್ಮ ಸ್ಟಿಕ್ಕರಿನಲ್ಲಿ ಒರಟು ಮೇಲ್ಮೈಯದು ಎಂದಿದ್ದು, ಒಂದು ಬದಿ ಇತ್ತೀಚೆಗೆ ಊದಿಕೊಂಡಿದ್ದರೆ, ಸೂಜಿಯಿಂದ ಆ ನೀರು ತೆಗೆದು, ಮೇಲೆ ಹೇಳಿದ ಲಿಂಫೋಮಾವನ್ನು ಪತ್ತೆಹಚ್ಚುವ ಸಿಡಿ30 ಪರೀಕ್ಷೆ ಮಾಡಬಲ್ಲ ಪ್ರಯೋಗಾಲಯ, ಕ್ಯಾನ್ಸರ್ ತಜ್ಞ, ಸರ್ಜನ್ ಮೂವರೂ ಒಂದೇ ಕಟ್ಟಡದಲ್ಲಿರುವ ಕಡೆಗೆ ಹೋಗಬೇಕು. ಆಗಲೂ ಕತ್ತಿ ಹಿಡಿಯುವವರ ಹೆಸರನ್ನು ಒಪ್ಪಿಗೆ ಪತ್ರದಲ್ಲಿ ಬರೆಸಿಕೊಂಡೇ ಸಹಿ ಹಾಕಿ. ಮೈಸೂರಿನ ಡಾಕ್ಟರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಆದರೆ ಅದಕ್ಕೆ ಎರಡು ಗಂಟೆಯವರೆಗೆ ಬೆಂಚಿನಲ್ಲಿ ಕಾಯಬೇಕು.