ಬೀಟೆ ಕುರ್ಚಿಗೆ ಎನಾಮೆಲ್, ಹಲಸಿನ ಕಪಾಟಿಗೆ ಚಾಕ್ ಪೇಂಟ್, ಕೊನೆಗೆ ಎಲ್ಲಕ್ಕೂ ಅರಗು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳೆಯ ಮನೆಯ ಮರದ ಸಾಮಾನುಗಳನ್ನು ಹೊಸದಾಗಿಸುವ ಹಟಕ್ಕೆ ಬಿದ್ದು ಎರಡು ವರ್ಷಗಳಲ್ಲಿ ಆಯಿಲ್ ಎನಾಮೆಲ್, ಚಾಕ್ ಪೇಂಟ್ ಮತ್ತು ಅರಗಿನ ಪಾಲಿಶ್ ಮೂರನ್ನೂ ಹಚ್ಚಿ ನೋಡಿದ್ದೇನೆ. ಈಗ ಶಿವಮೊಗ್ಗದಿಂದ ಊರಿಗೆ ಹೊರಡುವಾಗ ನನ್ನ ಚೀಲದಲ್ಲಿರುವುದು ಅರಗಿನ ಪೊಟ್ಟಣ ಮತ್ತು ಸ್ಪಿರಿಟ್ ಬಾಟಲಿ ಮಾತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎನಾಮೆಲ್ ಮೇಲೆ ನನಗಿರುವ ಸಿಟ್ಟು ಮುಂದಿನ ಮಾತುಗಳಲ್ಲಿ ಹೇಗೂ ಕಾಣಿಸಿಕೊಳ್ಳುತ್ತದೆ. ಕೆಲಸಕ್ಕಿದ್ದ ಸಾಮಾನುಗಳು ಇಷ್ಟು: ಬೀಟೆ ಮರದ ಎರಡು ಆರಾಮ ಕುರ್ಚಿಗಳು, ಹಲಸಿನ ಹಲಗೆಯ ಅಡುಗೆಮನೆ ಕಪಾಟು, ಸಾಗುವಾನಿಯ ತೊಟ್ಟಿಲು ಮತ್ತು ನಾಲ್ಕು ಮಣೆಗಳು.

ನಾದಿನಿಯ ಮಗುವಿನ ನಾಮಕರಣ ಜೂನ್ ಮೊದಲ ವಾರದಲ್ಲಿತ್ತು. ಜಗುಲಿಯ ಕುರ್ಚಿಗಳು ಬಣ್ಣಗೆಟ್ಟು ಕೂತಿವೆ, ಬಂದ ನೆಂಟರು ಏನೆಂದುಕೊಂಡಾರು ಎಂಬ ಯೋಚನೆಯಲ್ಲಿ ನಾನು ಮೇ ತಿಂಗಳ ಎರಡನೇ ವಾರದಲ್ಲೇ ಒಂದು ಲೀಟರ್ ಕಂದು ಎನಾಮೆಲ್ ತಂದು, ಉಪ್ಪುಕಾಗದದಿಂದ ಉಜ್ಜಿ, ಎರಡೂ ಕುರ್ಚಿಗಳಿಗೆ ಶ್ರದ್ಧೆಯಿಂದ ಹಚ್ಚಿದೆ. ಎಂಟು ಗಂಟೆಯಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು. ಎಂಟು ಗಂಟೆ ಕಳೆಯಿತು, ಎಂಟು ದಿನವೂ ಕಳೆಯಿತು. ದೂರದಿಂದ ಕನ್ನಡಿಯಂತೆ ಹೊಳೆಯುವ ಕುರ್ಚಿ ಮುಟ್ಟಿದರೆ ಹಲಸಿನ ಮೇಣದಂತೆ ಅಂಟುತ್ತಿತ್ತು.

ಅಂಗಳದ ಬಿಸಿಲಿಗಿಟ್ಟೆ, ರಾತ್ರಿ ಒಳಗೆ ತಂದು ಫ್ಯಾನಿನ ಕೆಳಗಿಟ್ಟೆ. ಬಣ್ಣ ಮಾರಿದ ಅಂಗಡಿಗೆ ಫೋನ್ ಮಾಡಿದಾಗ, ಥಿನ್ನರ್ ಬೆರೆಸಿ ಮೇಲೊಂದು ತೆಳು ಕೋಟ್ ಹೊಡೆದರೆ ಗಟ್ಟಿಯಾಗುತ್ತದೆ ಎಂಬ ಸಲಹೆ ಸಿಕ್ಕಿತು. ಒಂದು ಕುರ್ಚಿಗೆ ಹಾಗೆಯೇ ಮಾಡಿದ್ದರಿಂದ ಅಂಟಿನ ಮೇಲೆ ಅಂಟು ಕೂತಿತೇ ಹೊರತು ಬೇರೇನೂ ಆಗಲಿಲ್ಲ. ನಾಮಕರಣದ ದಿನ ದಾರಿ ಕಾಣದೆ ಕುರ್ಚಿಯ ಮೇಲೂ ಕೈಹಿಡಿಗಳ ಮೇಲೂ ದಿನಪತ್ರಿಕೆಯ ಹಾಳೆಗಳನ್ನು ಹಾಸಿದೆ. ದೊಡ್ಡ ಮಾವ ಊಟ ಮುಗಿಸಿ ಅದರಲ್ಲಿ ಒರಗಿ ಒಂದು ನಿದ್ದೆ ತೆಗೆದು ಎದ್ದಾಗ ಪತ್ರಿಕೆ ಅವರ ಪಂಚೆಯ ಸಮೇತ ಎದ್ದು ಬಂತು. ಸಂಜೆ ಉಳಿದ ಹಾಳೆಗಳನ್ನು ಕಿತ್ತರೆ, ಎಡಗಡೆಯ ಕೈಹಿಡಿಯ ಮೇಲೆ ಆ ದಿನದ ಅಡಿಕೆ ಧಾರಣೆ ತಿರುವುಮುರುವಾಗಿ ಅಚ್ಚಾಗಿತ್ತು. ‘ರಾಶಿ’, ‘ಬೆಟ್ಟೆ’, ‘ಗೊರಬಲು’ ಎಂಬ ಅಡಿಕೆಯ ಮೂರು ಬಗೆಗಳ ಹೆಸರುಗಳನ್ನೂ ಅವುಗಳ ಮುಂದಿನ ಅಂಕಿಗಳನ್ನೂ ಕನ್ನಡಿ ಹಿಡಿದು ಓದಬಹುದಿತ್ತು. ‘ಧಾರಣೆ ನೋಡಲಿಕ್ಕೆ ಇನ್ನು ಪೇಪರೇ ಬೇಡ ಮಾರಾಯ್ತಿ’ ಎಂದು ಅತ್ತೆ ಅಂದದ್ದು ಈಗಲೂ ಮನೆಯಲ್ಲಿ ಚಾಲ್ತಿಯಲ್ಲಿರುವ ಮಾತು.

ಕಾರಣ ಗೊತ್ತಾದದ್ದು ತೊಟ್ಟಿಲು ರಿಪೇರಿಗೆ ಬಂದಿದ್ದ ಆಚಾರ್ರಿಂದ. ನಾಮಕರಣಕ್ಕೆ ವಾರವಿರುವಾಗ ಅವರು ತೊಟ್ಟಿಲಿನ ಸಡಿಲ ಕಾಲುಗಳನ್ನು ಬಿಗಿ ಮಾಡಿ, ಒಂದು ಬಿಸಿಲಿನ ದಿನ ಅರಗಿನ ಪಾಲಿಶ್ ಹಚ್ಚಿದರು. ಬೆಳಿಗ್ಗೆ ಹಿಡಿದ ಕೆಲಸ ಸಂಜೆಗೆ ಮುಗಿದು, ಮರುದಿನ ತೊಟ್ಟಿಲನ್ನು ಎಲ್ಲಿ ಹಿಡಿದೆತ್ತಿದರೂ ಬೆರಳಿನ ಗುರುತಿಲ್ಲ. ಅದೇ ಜಗುಲಿಯಲ್ಲಿ, ಅದೇ ಗಾಳಿಯಲ್ಲಿ, ಎರಡು ಮಾರು ಆಚೆ ನನ್ನ ಕುರ್ಚಿಗಳು ನೊಣ ಹಿಡಿಯುತ್ತಿದ್ದವು. ‘ಬೀಟೆಗೆ ಎಣ್ಣೆ ಬಣ್ಣ ಸುಲಭಕ್ಕೆ ಒಣಗೋದಿಲ್ಲ ಅಮ್ಮ, ಮೊದಲು ಒಂದು ಕೈ ಅರಗು ಹೊಡೀಬೇಕಿತ್ತು’ ಎಂದರು. ಆಮೇಲೆ ಓದಿ ನೋಡಿದಾಗ ಅವರ ಮಾತಿನ ಹಿಂದಿನ ವಿಚಾರ ಸ್ಪಷ್ಟವಾಯಿತು. ಆಯಿಲ್ ಎನಾಮೆಲ್ ಒಣಗುವುದೆಂದರೆ ಅದರಲ್ಲಿರುವ ಥಿನ್ನರ್ ಆರಿಹೋಗುವುದಷ್ಟೇ ಅಲ್ಲ. ಅದರ ಎಣ್ಣೆಯ ಅಂಶವು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗಬೇಕು. ಬೀಟೆಯಂಥ ಮರಗಳೊಳಗೆ ಸಹಜವಾಗಿರುವ ಕೆಲವು ಪದಾರ್ಥಗಳು ಈ ಕ್ರಿಯೆಯನ್ನೇ ತಡೆಯುತ್ತವೆ. ಅದರ ಜೊತೆಗೆ ಗಾಳಿಯಲ್ಲಿ ತೇವ ಹೆಚ್ಚಿ ತಂಪು ಏರಿದರೆ ಒಣಗುವುದು ಇನ್ನಷ್ಟು ನಿಧಾನ. ಅರಗಿನ ಪಾಲಿಶಿಗೆ ಈ ತೊಡಕಿಲ್ಲ, ಏಕೆಂದರೆ ಅದರಲ್ಲಿನ ಸ್ಪಿರಿಟ್ ಹಾರಿಹೋದರೆ ಅರಗು ತಾನಾಗಿ ಗಟ್ಟಿಯಾಗಿ ಉಳಿಯುತ್ತದೆ. ಮರದೊಳಗಿನ ಪದಾರ್ಥ ಮೇಲಿನ ಬಣ್ಣಕ್ಕೆ ತಾಗದಂತೆ ತಡೆಯುವ ಪದರವಾಗಿಯೂ ಅದು ಒದಗುತ್ತದೆ.

ಆರಿದ್ರಾ, ಪುನರ್ವಸು ಎರಡೂ ಮಳೆ ಸುರಿದು ಹೋದವು. ಕುರ್ಚಿಯ ಅಂಟಿನಲ್ಲಿ ಧೂಳು, ಹಾತೆ, ಬೆಕ್ಕಿನ ಕೂದಲು ಎಲ್ಲವೂ ಸೇರಿಕೊಂಡವು. ದೀಪಾವಳಿಯ ನಂತರ ಒಂದು ಕುರ್ಚಿಯನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಪುಟ್ಟಿ ಬ್ಲೇಡಿನಿಂದ ಹೆರೆದು, ಮತ್ತೆ ಉಜ್ಜಿ ಬರಿ ಮರಕ್ಕೆ ತರಲು ನನಗೆ ನಾಲ್ಕು ಭಾನುವಾರಗಳು ಬೇಕಾದವು. ಹಚ್ಚಲು ಹಿಡಿದದ್ದು ಒಂದು ಮಧ್ಯಾಹ್ನ.

ಎನಾಮೆಲ್ ಎಲ್ಲ ಕಡೆಯೂ ಕೆಟ್ಟದ್ದೆಂದು ಹೇಳಿದರೆ ಅನ್ಯಾಯವಾದೀತು. ಕಿಟಕಿಯ ಕಬ್ಬಿಣದ ಸರಳುಗಳಿಗೂ ಮಳೆಯ ಇರಚಲು ಬಡಿಯುವ ಹೊರಬಾಗಿಲಿಗೂ ಈಗಲೂ ನಾನು ಅದನ್ನೇ ಹಚ್ಚಿಸುತ್ತೇನೆ, ಅಲ್ಲಿ ಅರಗು ಒಂದು ಮಳೆಗಾಲವನ್ನೂ ತಡೆಯುವುದಿಲ್ಲ. ಆದರೆ ಹಳೆಯ ಬಣ್ಣವನ್ನು ಒಣಗಿದ ಹಾಗೆಯೇ ಉಜ್ಜಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಸಿರು ಕಿಟಕಿಗಳ ಬಣ್ಣದಲ್ಲಿ ಎಷ್ಟು ಸೀಸವಿತ್ತೆಂದು ಯಾರು ಬಲ್ಲರು. ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರವಿಟ್ಟು ಉಜ್ಜುವುದು ಕ್ಷೇಮ.

ಚಾಕ್ ಪೇಂಟ್ ತರಿಸಿದ್ದು ಮರುವರ್ಷ, ಆನ್‌ಲೈನಿನಲ್ಲಿ. ಸೀಮೆಸುಣ್ಣದ ಪುಡಿಯಂಥ ಪದಾರ್ಥ ಬೆರೆತ ಈ ನೀರಿನ ಬಣ್ಣ ಹಳೆಯ ಸಾಮಾನಿಗೆ ಮಂದವಾದ, ಹೊಳಪಿಲ್ಲದ ಮೈ ಕೊಡುತ್ತದೆ. ಹಚ್ಚುವುದು ಸುಲಭ, ವಾಸನೆ ಕಡಿಮೆ, ಬ್ರಷ್ ತೊಳೆಯಲು ನಲ್ಲಿಯ ನೀರು ಸಾಕು. ಕೆನೆಬಿಳಿ ಬಣ್ಣ ಹಚ್ಚಿದ ಕಪಾಟು ಮೊದಲ ದಿನ ನಿಜಕ್ಕೂ ಚೆಂದ ಕಂಡಿತು. ಎರಡನೆಯ ದಿನ ಹಲಗೆಯ ಗೀರುಗಳುದ್ದಕ್ಕೂ ಅರಿಶಿನದ ಕೈ ಒರೆಸಿದಂತೆ ಹಳದಿ ಕಲೆಗಳು ಎದ್ದವು. ಹಲಸಿನ ಕಾಷ್ಠದಲ್ಲಿ ಹಳದಿ ಬಣ್ಣವಿರುವುದು ಹೊಸ ಸಂಗತಿಯೇನಲ್ಲ. ಅದರ ಚಕ್ಕೆಯನ್ನು ಕುದಿಸಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದರು. ನೀರು ತಾಗಿದ ಕೂಡಲೇ ಆ ಬಣ್ಣ ಮೇಲೆದ್ದು ಬಂದಿತ್ತು. ಎರಡನೇ ಕೋಟಿನ ಮೇಲೂ ಎದ್ದಿತು, ಮೂರನೆಯದರ ಮೇಲೂ ಎದ್ದಿತು. ಕೊನೆಗೆ ಒಂದು ಕೈ ತೆಳು ಅರಗು ಹೊಡೆದು ಅದರ ಮೇಲೆ ಬಣ್ಣ ಹಚ್ಚಿದಾಗ ನಿಂತಿತು. ಇದರ ಮೇಲೆ ಬೇರೆ ಮೇಣ ತಿಕ್ಕಬೇಕು, ಮೇಣಕ್ಕೆ ಬೇರೆ ದುಡ್ಡು. ಮಳೆಗಾಲದಲ್ಲಿ ಒಲೆಯ ಹಬೆ ತಾಗುವ ಕಡೆ ಅದರ ಮೇಲೆಯೇ ಬೂಷ್ಟು ಹಿಡಿಯಿತು. ಒಣ ಊರಿನ ಫ್ಲ್ಯಾಟುಗಳಿಗೆ ಇದು ಸರಿ ಹೊಂದೀತು.

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆಯನ್ನು ಕುರ್ಚಿ ಕಪಾಟುಗಳಿಗೆ ಪ್ರಯೋಗಿಸುವ ಧೈರ್ಯ ಮಾಡಲಿಲ್ಲ. ಮಾಡಿನ ಪಕಾಸಿಗೆ ಗೆದ್ದಲು ಹತ್ತದಂತೆ ಅದು ಒಳ್ಳೆಯದೇ, ಆದರೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ.

ಅರಗಿನ ಪಾಲಿಶನ್ನು ಆಚಾರ್ರು ಮಾಡಿದ್ದನ್ನು ನೋಡಿ ಕಲಿತೆ. ಅರ್ಧ ಲೀಟರ್ ಸ್ಪಿರಿಟ್ಟಿಗೆ ಸುಮಾರು 100 ಗ್ರಾಂ ಅರಗಿನ ಚಕ್ಕೆ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟು, ಆಗಾಗ ಅಲ್ಲಾಡಿಸಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಬೇಕು. ಕಬ್ಬಿಣದ ಡಬ್ಬದಲ್ಲಿ ಇಟ್ಟರೆ ಕಪ್ಪಾಗುತ್ತದೆ. ಹಳೆಯ ಪಂಚೆಯ ತುಂಡಿನೊಳಗೆ ಹತ್ತಿಯನ್ನಿಟ್ಟು ಕೋಳಿಮೊಟ್ಟೆ ಗಾತ್ರದ ಉಂಡೆ ಕಟ್ಟಿ, ಅದಕ್ಕೆ ಪಾಲಿಶ್ ಕುಡಿಸಿ, ಮರದ ಎಳೆಯ ಗುಂಟ ಒಂದೇ ಬೀಸಿಗೆ ಎಳೆಯಬೇಕು. ನಡುವೆ ಕೈ ನಿಂತರೆ ಅಲ್ಲೇ ಗುರುತು ಬೀಳುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೊಂದು ಕೈ. ಐದಾರು ಕೈ ಆದಮೇಲೆ ಬೀಟೆಯ ಕಪ್ಪು ಗೆರೆಗಳು ನೀರಿನೊಳಗಿಂದ ಕಂಡಂತೆ ಮೇಲೆದ್ದವು, ಇದನ್ನು ಕಂದು ಎನಾಮೆಲ್ಲಿನಡಿ ಮುಚ್ಚಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದೇ, ಔಷಧದ ಮಾತ್ರೆಗಳಿಗೂ ಅದರ ಲೇಪವಿರುತ್ತದೆ. ಆದ್ದರಿಂದ ಮಗು ತೊಟ್ಟಿಲಿನ ಸರಳು ಕಚ್ಚಿದರೂ ಅತ್ತೆ ಗಾಬರಿಯಾಗುವುದಿಲ್ಲ. ಸ್ಪಿರಿಟ್ ಮಾತ್ರ ವಿಷ, ಬೆಂಕಿಗೂ ಬೇಗ ಹತ್ತುತ್ತದೆ. ಅದು ಪೂರ್ತಿ ಆರಿಹೋಗುವ ತನಕ ತೊಟ್ಟಿಲನ್ನು ಬಳಸಬಾರದು, ಒಲೆಯ ಹತ್ತಿರ ಈ ಕೆಲಸ ಹಿಡಿಯಲೂಬಾರದು.

ಅರಗಿನ ದೋಷಗಳೂ ನನಗೆ ಗೊತ್ತು. ಆಶ್ಲೇಷಾ ಮಳೆಯ ನಡುವೆ ಒಂದು ಮಣೆಗೆ ಹಚ್ಚಲು ಹೋದಾಗ ಗಾಳಿಯ ತೇವ ಸೇರಿಕೊಂಡು ಮೇಲ್ಮೈಯೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಹೊಳವಾದ ಒಂದು ದಿನ ಸ್ಪಿರಿಟ್ ಅದ್ದಿದ ಉಂಡೆಯಿಂದ ಹಗುರಾಗಿ ಒರೆಸಿದೆ, ಹೋಯಿತು. ಬಿಸಿ ಕಾಫಿಯ ಲೋಟ ಇಟ್ಟರೆ ಬಿಳಿಯ ವೃತ್ತ ಉಳಿಯುತ್ತದೆ, ಸೋಪಿನ ನೀರು ಆಗುವುದಿಲ್ಲ, ಕರಗಿಸಿದ ಪಾಲಿಶನ್ನು ವರ್ಷಗಟ್ಟಲೆ ಇಟ್ಟರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಊಟದ ಮೇಜಿಗೆ ಅರಗು ಬೇಡವೆಂದು ನಾನೇ ಹೇಳುತ್ತೇನೆ. ಆದರೆ ಇವೆಲ್ಲ ಒಂದು ಉಂಡೆ ಬಟ್ಟೆಯಿಂದ ತಿದ್ದಬಹುದಾದ ತಪ್ಪುಗಳು. ಹೊಸ ಅರಗು ಹಳೆಯ ಅರಗಿನಲ್ಲಿ ಕರಗಿ ಒಂದಾಗುತ್ತದೆ, ಹೆರೆಯುವ ಪ್ರಸಂಗವೇ ಬರುವುದಿಲ್ಲ. ಲೋಟ ಇಡಲು ಅಡಿಕೆ ಹಾಳೆಯನ್ನು ದುಂಡಗೆ ಕತ್ತರಿಸಿ, ಅಂಚಿಗೆ ದಾರ ಸುತ್ತಿ ಹೊಲಿದ ಬಿಲ್ಲೆಗಳನ್ನು ಮಾಡಿಟ್ಟಿದ್ದೇನೆ.

ಮಣೆಗಳ ಮೇಲೆ ಚಿತ್ತಾರ ಬರೆಯುವ ಆಸೆ ಹುಟ್ಟಿದ್ದು ಸಾಗರದ ಕಡೆಯ ಸಹೋದ್ಯೋಗಿಯೊಬ್ಬರಿಂದ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಬಿಡಿಸುವ ಹಸೆ ಚಿತ್ತಾರದ ಮುಂದೆ ನನ್ನ ಗೆರೆಗಳು ಹಸೆಯ ಹೆಸರು ಹೇಳಲೂ ಯೋಗ್ಯವಲ್ಲ. ಎರಡು ಮಣೆಗಳಿಗೆ ಅಂಗಡಿಯ ಅಕ್ರಿಲಿಕ್ ಬಿಳಿ, ಇನ್ನೆರಡಕ್ಕೆ ನೆನೆಸಿ ಅರೆದ ಅಕ್ಕಿ ಬಳಸಿ ಬರೆದು, ನಾಲ್ಕಕ್ಕೂ ಮೇಲೆ ಅರಗು ಎಳೆದೆ. ಸ್ಪಿರಿಟ್ ತಾಗಿದ್ದೇ ಅಕ್ರಿಲಿಕ್ ಮೆತ್ತಗಾಗಿ, ಗೆರೆಗಳು ಉಂಡೆಯ ಹಿಂದೆ ಕದಡಿಕೊಂಡು ಹೋದವು. ಅಕ್ಕಿಯ ಗೆರೆ ಅಲ್ಲಾಡಲಿಲ್ಲ, ಅಕ್ಕಿ ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲವಲ್ಲ. ಅದರ ಬಿಳುಪು ಅರಗಿನಡಿ ತುಸು ಮಾಸಿ ಹಳೆಯ ದಂತದ ಬಣ್ಣಕ್ಕೆ ತಿರುಗಿತು, ನನಗೆ ಅದೇ ಇಷ್ಟವಾಯಿತು. ಅರಗು ಹಚ್ಚದೆ ಬಿಟ್ಟ ಅಕ್ಕಿಯ ಗೆರೆಗೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಮತ್ತು ಜಿರಲೆ ಎರಡೂ ಬರುತ್ತವೆ, ಅದನ್ನೂ ಕಂಡಿದ್ದೇನೆ.

ಖರ್ಚಿನ ಮಾತು. ಎನಾಮೆಲ್ಲಿಗೆ ಕೊಟ್ಟದ್ದು ಸುಮಾರು 350 ರೂಪಾಯಿ, ತೆಗೆಯಲು ಬಂದ ಥಿನ್ನರ್ ಮತ್ತು ಉಪ್ಪುಕಾಗದಕ್ಕೆ ಅದಕ್ಕಿಂತ ಹೆಚ್ಚು. ಚಾಕ್ ಪೇಂಟ್ ಮತ್ತು ಮೇಣ ಸೇರಿ ಸಾವಿರ ದಾಟಿತು. ಅರಗು, ಸ್ಪಿರಿಟ್ ಎರಡಕ್ಕೂ 500ರ ಒಳಗೆ, ಅದರಲ್ಲಿ ಕುರ್ಚಿ ಮತ್ತು ಮಣೆಗಳು ಮುಗಿದು ಇನ್ನೂ ಕಾಲು ಬಾಟಲಿ ಉಳಿದಿತ್ತು. ಆಗಾಗ ಊರಿಗೆ ಬಂದು ನಾಲ್ಕು ದಿನ ಇರುವ ನನ್ನಂಥವರಿಗೆ, ಬಿಸಿಲು ಕಂಡ ಬೆಳಿಗ್ಗೆ ಒಂದು ಕೈ ಹೊಡೆದು ಸಂಜೆಗೆ ಕೂರಬಹುದಾದ ಈ ಪಾಲಿಶ್ ಹೊಂದುತ್ತದೆ. ಹತ್ತು ವರ್ಷ ಮತ್ತೆ ಮುಟ್ಟಬಾರದು ಎನ್ನುವವರಿಗೆ ಹೊಂದುವುದಿಲ್ಲ.

ಎರಡು ಕೋಟ್ ತಿಂದ ಇನ್ನೊಂದು ಕುರ್ಚಿಯನ್ನು ಹೆರೆಯುವ ಉತ್ಸಾಹ ನನಗೆ ಇನ್ನೂ ಬಂದಿಲ್ಲ. ಅದು ಅಡಿಕೆ ಧಾರಣೆಯ ಸಮೇತ ಅಟ್ಟದ ಮೇಲಿದೆ. ಕಳೆದ ವಾರ ಹತ್ತಿ, ಕೈಹಿಡಿಯನ್ನು ಒತ್ತಿ ನೋಡಿದೆ. ‘ಗೊರಬಲು’ ಪಕ್ಕದಲ್ಲಿ ನನ್ನ ಹೆಬ್ಬೆರಳಿನ ಗುರುತು ಮೂಡಿತು.