ಅವೆನ್ಯೂ ಕ್ಯೂ, ಸೆಸಮಿ ಸ್ಟ್ರೀಟ್: ಯಾರಿಗೆ ಯಾವುದು?

ಎರಡರಲ್ಲೂ ನ್ಯೂಯಾರ್ಕಿನ ಬೀದಿ, ತುಪ್ಪಳದ ಗೊಂಬೆಗಳು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಯೋಚನೆಯೇ ಬೇಡ, 1969ರಿಂದ ಟಿವಿಯಲ್ಲಿ ಅಕ್ಷರ, ಅಂಕಿ ಕಲಿಸುತ್ತಿರುವ ಸೆಸಮಿ ಸ್ಟ್ರೀಟೇ ಸರಿ. ಅವೆನ್ಯೂ ಕ್ಯೂ ದೊಡ್ಡವರ ಸಂಗೀತ ನಾಟಕ. ಡಿಗ್ರಿ ಮುಗಿಸಿ ಕೆಲಸಕ್ಕೆ ಅಲೆಯುವವರ ಕಥೆ, ಪೋಲಿ ಮಾತುಗಳೂ ಇವೆ. 2003ರಲ್ಲಿ ನ್ಯೂಯಾರ್ಕಿನ ಹೆಸರಾಂತ ರಂಗಮಂದಿರಗಳ ತಾಣವಾದ ಬ್ರಾಡ್‌ವೇಗೆ ಬಂದು ಮರುವರ್ಷವೇ ಅಲ್ಲಿನ ದೊಡ್ಡ ರಂಗಪ್ರಶಸ್ತಿ ಟೋನಿ ಗೆದ್ದಿತು. ನ್ಯೂಯಾರ್ಕಿನಲ್ಲಿ 2019ರವರೆಗೂ ನಡೆಯಿತು.

ಎರಡಕ್ಕೂ ಅಧಿಕೃತ ನಂಟಿಲ್ಲ. ಆದರೆ ನಾಟಕದ ಗೊಂಬೆಗಳನ್ನು ಮಾಡಿದ ರಿಕ್ ಲಯಾನ್ ಸೆಸಮಿ ಸ್ಟ್ರೀಟ್‌ನಲ್ಲಿ ಗೊಂಬೆಯಾಡಿಸಿದವರು. ಟಿವಿಯಲ್ಲಿ ಕಲಾವಿದರು ಕ್ಯಾಮೆರಾಕ್ಕೆ ಕಾಣದಂತೆ ಕೆಳಗಿದ್ದು, ಕೈ ಮೇಲೆತ್ತಿ ಆಡಿಸುತ್ತಾರೆ. ನಾಟಕದಲ್ಲಿ ಗೊಂಬೆಯನ್ನು ಕೈಗೆ ತೊಟ್ಟು ನಮ್ಮೆದುರೇ ನಿಲ್ಲುತ್ತಾರೆ. ಗೊಂಬೆ ನೋವಿನ ಹಾಡಿಗೆ ಬಾಯಿ ತೆರೆದಾಗ ಹಾಡುವವರ ಮುಖದಲ್ಲೂ ಅದೇ ನೋವು. ನನಗೆ ತುಂಬ ಹಿಡಿಸಿದ್ದು ಇದೇ.